ಒಂದೇ ಸೆಟ್‌ನ ಡೋರಿಯನ್ ಯೇಟ್ಸ್

ಬಾಡಿಬಿಲ್ಡರ್ ಅಂದ್ರೆ ದಿನಾ ಮೂರ್ನಾಲ್ಕು ಗಂಟೆ ಜಿಮ್‌ನಲ್ಲೇ ಬಿದ್ದಿರಬೇಕು ಅಂದ್ಕೊಂಡಿದ್ದೀರಾ? ಹಾಗಾದ್ರೆ ಇಂಗ್ಲೆಂಡಿನ ಡೋರಿಯನ್ ಯೇಟ್ಸ್ ಬಗ್ಗೆ ಕೇಳಿ. 1992ರಿಂದ 1997ರವರೆಗೆ ಸತತ ಆರು ಸಲ ಬಾಡಿಬಿಲ್ಡಿಂಗ್‌ನ ದೊಡ್ಡ ಪ್ರಶಸ್ತಿ ಮಿಸ್ಟರ್ ಒಲಿಂಪಿಯಾ ಗೆದ್ದವನು!

ಘಟಾನುಘಟಿಗಳೆಲ್ಲ ಕ್ಯಾಲಿಫೋರ್ನಿಯಾದ ಬಿಸಿಲು ಹುಡುಕಿಕೊಂಡು ಹೋಗ್ತಿದ್ದ ಕಾಲ ಅದು. ಈತ ಮಾತ್ರ ಬರ್ಮಿಂಗ್‌ಹ್ಯಾಮ್‌ನ ನೆಲಮಾಳಿಗೆಯೊಂದರಲ್ಲಿ, ಟೆಂಪಲ್ ಜಿಮ್‌ನಲ್ಲಿ, ತನ್ನ ಪಾಡಿಗೆ ತಾನು ಬೆವರು ಸುರಿಸ್ತಿದ್ದ. ವಾರಕ್ಕೆ ನಾಲ್ಕೇ ದಿನ, ದಿನಕ್ಕೆ ಹೆಚ್ಚುಕಮ್ಮಿ ಒಂದು ಗಂಟೆ.

ಆದ್ರೆ ಆ ಒಂದು ಗಂಟೆ ಇದೆಯಲ್ಲ, ಅಬ್ಬಾ!

ಮೊದಲು ಒಂದೆರಡು ವಾರ್ಮ್‌ಅಪ್. ಆಮೇಲೆ ಒಂದೇ ಒಂದು ಅಸಲಿ ಸೆಟ್. ಆರೋ ಎಂಟೋ ರೆಪ್ ಆಗೋಷ್ಟರಲ್ಲಿ ಕೈ ನಡುಗುತ್ತೆ, ಬಾರ್ ಅರ್ಧದಲ್ಲೇ ನಿಲ್ಲುತ್ತೆ. ಆಗ ಜೊತೆಗಾರ ಬೆರಳು ತಾಗಿಸಿ ಇನ್ನೊಂದು ರೆಪ್ ಎತ್ತಿಸ್ತಾನೆ. ಇಳಿಸೋದು ಮಾತ್ರ ನಿಧಾನ, ತುಂಬಾ ನಿಧಾನ. ಅಷ್ಟೇ, ಮುಂದಿನ ವ್ಯಾಯಾಮಕ್ಕೆ ನಡಿ.

ಯೇಟ್ಸ್‌ಗಿಂತ ಮೊದಲೇ ಆರ್ಥರ್ ಜೋನ್ಸ್, ಮೈಕ್ ಮೆಂಟ್ಜರ್ ಎಂಬ ವ್ಯಾಯಾಮ ತಜ್ಞರು ಹೇಳ್ತಿದ್ದ ತರ್ಕ ಇದು: ಜಿಮ್‌ನಲ್ಲಿ ಸ್ನಾಯುವನ್ನ ಕೆಣಕಬೇಕು, ಬೆಳೆಯೋಕೆ ವಿಶ್ರಾಂತಿ ಕೊಡಬೇಕು. ಎಷ್ಟು ತೂಕ, ಎಷ್ಟು ರೆಪ್, ಎಲ್ಲಾನೂ ಯೇಟ್ಸ್ ನೋಟ್‌ಬುಕ್‌ನಲ್ಲಿ ಬರೆದಿಡ್ತಿದ್ದ. ನನ್ನ ಕೇಳಿದ್ರೆ, ಈತನಿಂದ ಮೊದಲು ಕಲಿಯಬೇಕಾದ್ದು ಆ ನೋಟ್‌ಬುಕ್ಕೇ.

ಇಷ್ಟು ಕಠಿಣ ತರಬೇತಿಗೆ ತೆತ್ತ ಬೆಲೆಯೂ ಇದೆ. 1994ರಲ್ಲಿ ಎಡಗೈ ಬೈಸೆಪ್ಸ್ ಹರೀತು. 1997ರಲ್ಲಿ ಸ್ಪರ್ಧೆ ಹತ್ತಿರ ಬಂದಾಗ ಟ್ರೈಸೆಪ್ಸ್. ಎರಡು ಸಲವೂ ಗೆದ್ದ. 1997ರ ಗೆಲುವೇ ಕೊನೆಯದಾಯ್ತು. ಸ್ಟೆರಾಯ್ಡ್ ಬಳಸಿದ್ದನ್ನೂ ಆತನೇ ಒಪ್ಕೊಂಡಿದ್ದಾನೆ. ಹಾಗಾಗಿ ಆ ಮೈಕಟ್ಟು ಬರೀ ಒಂದು ಸೆಟ್‌ನ ಫಲ ಅಂದ್ಕೋಬೇಡಿ.

ಮತ್ತೆ, ಒಬ್ಬರೇ ಬೆಂಚ್ ಪ್ರೆಸ್ ಮಾಡೋರು ಯೇಟ್ಸ್‌ನ ಈ ಸೆಟ್ ಟ್ರೈ ಮಾಡ್ಲೇಬೇಡಿ. ಬಾರ್ ಎದೆ ಮೇಲೆ ಕೂತ್ರೆ ಎತ್ತೋಕೆ ಇನ್ನೊಬ್ಬರು ಬೇಕು.