ಎಂಜಿನಿನಲ್ಲಿ ಮುರಿದು ಸಿಕ್ಕಿಕೊಂಡ ತಿರುಪುಮೊಳೆಯನ್ನು ತೆಗೆಯುವ ಕ್ರಮ

ಹಳೆಯ ಮೋಟಾರು ಕಾರಿನ ಎಂಜಿನನ್ನು ದುರಸ್ತಿಗಾಗಿ ಬಿಚ್ಚುವಾಗ, ಸಿಲಿಂಡರುಗಳ ಮುಚ್ಚಳವನ್ನು ಬಿಗಿದಿರುವ ತಿರುಪುಮೊಳೆಯೊಂದು ಮುರಿದು ಅದರ ಬುಡವು ಒಳಗೇ ನಿಂತುಬಿಡುವುದು ಪದೇ ಪದೇ ಒದಗುವ ಸಂಕಟವಾಗಿದೆ. ಮೊಳೆಯ ಬೆಲೆ ಅತ್ಯಲ್ಪವಾದುದು. ಆದರೆ ಅದು ನೆಟ್ಟಿರುವ ಎರಕದ ಕಬ್ಬಿಣದ ದಿಮ್ಮಿಯು ಸೀಳಿದರೆ ಅಂಥ ಇನ್ನೊಂದು ಸುಲಭವಾಗಿ ದೊರೆಯಲಾರದು. ಹಳೆಯ ಟ್ರ್ಯಾಕ್ಟರನ್ನೋ ನೀರೆತ್ತುವ ಎಣ್ಣೆ ಎಂಜಿನನ್ನೋ ಉಳ್ಳ ರೈತರಿಗೂ ಇದೇ ತೊಂದರೆಯು ಸಂಭವಿಸುವುದರಿಂದ, ಅದರ ಪರಿಹಾರಕ್ರಮವನ್ನು ತಿಳಿದಿರುವುದು ಹಿತಕರ.

ಇದಕ್ಕೆ ಫೋರ್ಡ್ ಕಂಪೆನಿಯವರು ೧೯೩೨ನೆಯ ಇಸವಿಯಲ್ಲಿ ಹೊರತಂದ ಎಂಟು ಸಿಲಿಂಡರುಗಳ ವಿ-೮ ಎಂಜಿನು ಒಳ್ಳೆಯ ಉದಾಹರಣೆಯಾಗಿದೆ. ಅಮೆರಿಕೆಯ ಫೋರ್ಡ್ ಕಾರುಗಳಲ್ಲಿ ಇದು ೧೯೫೩ರ ವರೆಗೆ ಬಳಕೆಯಲ್ಲಿತ್ತು. ಮೊದಲಿನ ಮಾದರಿಗಳಲ್ಲಿ ಒಂದೊಂದು ಮುಚ್ಚಳಕ್ಕೆ ೨೧ ಮೊಳೆಗಳೂ ತರುವಾಯದವುಗಳಲ್ಲಿ ೨೪ ಮೊಳೆಗಳೂ ಇದ್ದವು. ಮೊಳೆಯ ದಪ್ಪ ೭/೧೬ ಅಂಗುಲ. ಇವುಗಳಲ್ಲಿ ಅನೇಕವುಗಳ ತುದಿಯು ಎಂಜಿನನ್ನು ತಂಪುಗೊಳಿಸುವ ನೀರಿನೊಳಕ್ಕೇ ಚಾಚಿರುವುದರಿಂದ, ವರ್ಷಗಳು ಕಳೆದಂತೆ ತುಕ್ಕು ಹಿಡಿದು ದಿಮ್ಮಿಯೊಡನೆ ಒಂದಾಗಿಬಿಡುತ್ತವೆ.

ಮೊಳೆಯು ಏಕೆ ಕಚ್ಚಿಕೊಂಡಿದೆಯೆಂಬುದನ್ನು ಮೊದಲು ಅರಿಯತಕ್ಕದ್ದು. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡರಷ್ಟಕ್ಕೂ ಹೆಚ್ಚಾದ ಸ್ಥಳವನ್ನು ಆಕ್ರಮಿಸುತ್ತದೆ. ತಿರುಪಿನ ಸುತ್ತುಗಳ ನಡುವಣ ಸಂದು ಹೀಗೆ ತುಂಬಿ ಬಿಗಿದುಕೊಂಡಿರುವಾಗ ಬಲಪ್ರಯೋಗದಿಂದ ಮೊಳೆಯು ತಿರಿಚಿ ಮುರಿಯುವುದೇ ಹೊರತು ಸಡಿಲವಾಗುವುದಿಲ್ಲ. ಸಡಿಲಗೊಳಿಸಬೇಕಾದುದು ತುಕ್ಕನ್ನು, ತಿರುಗಿಸುವುದು ಆಮೇಲಿನ ಕೆಲಸ.

ಮುರಿದ ಬುಡವು ಮೇಲಕ್ಕೆ ಸ್ವಲ್ಪ ಕಾಣುತ್ತಿದ್ದರೆ, ತೆಳುವಾದ ಎಣ್ಣೆಯನ್ನು ಸುತ್ತಲೂ ಬಿಟ್ಟು ಒಂದೆರಡು ದಿವಸ ನೆನೆಯಗೊಡಿಸಬೇಕು. ನಡುನಡುವೆ ಅದರ ತಲೆಯ ಮೇಲೆ ಸುತ್ತಿಗೆಯಿಂದ ನೆಟ್ಟಗೆ ಹಗುರವಾಗಿ ಬಡಿದರೆ ತುಕ್ಕು ಬಿರುಕುಬಿಟ್ಟು ಎಣ್ಣೆಯು ಒಳಕ್ಕಿಳಿಯುವುದು. ಬುಡವು ಕೂದಲೆಳೆಯಷ್ಟು ತಿರುಗಿದರೂ ಮುಂದಕ್ಕೆ ಒತ್ತಾಯಿಸದೆ, ಹಿಂದಕ್ಕೆ ತಿರುಗಿಸಿ ಎಣ್ಣೆಯಿಟ್ಟು ಪುನಃ ಮುಂದಕ್ಕೆ ತಿರುಗಿಸುತ್ತಿರಬೇಕು.

ಇದರಿಂದ ಸಾಧ್ಯವಾಗದಿದ್ದಲ್ಲಿ ಶಾಖದ ಸಹಾಯವನ್ನು ಪಡೆಯಬೇಕು. ಬುಡದ ಮೇಲೆ ಉಕ್ಕಿನ ನಟ್ಟೊಂದನ್ನಿಟ್ಟು ಅದರ ಕಣ್ಣಿನೊಳಗಿಂದ ಬೆಸೆಯುವುದು ಬಹು ಉತ್ತಮವಾದ ಉಪಾಯ. ಬೆಸುಗೆಯ ಶಾಖದಿಂದ ಮೊಳೆಯು ಹಿಗ್ಗಲೆಳಸಿ, ಸುತ್ತಣ ಕಬ್ಬಿಣವು ಅದಕ್ಕೆ ಎಡೆಗೊಡದಿರಲು ಒಳಗೇ ಅದುಮಿಕೊಳ್ಳುವುದು. ಆರಿದಾಗ ಮೊದಲಿಗಿಂತ ಕುಗ್ಗಿ ತುಕ್ಕಿನ ಹಿಡಿತವನ್ನು ಬಿಡುವುದು. ಬೆಂಕಿಯನ್ನು ಸಮೀಪಕ್ಕೆ ತರುವ ಮೊದಲು ಎಣ್ಣೆಯನ್ನು ಒರಸಿ, ಪೆಟ್ರೋಲನ್ನು ದೂರಮಾಡಿ, ಬ್ಯಾಟರಿಯ ತಂತಿಯನ್ನು ಬಿಚ್ಚಿಡುವುದನ್ನು ಮರೆಯಬಾರದು. ಎರಕವನ್ನು ಬಿಸಿಮಾಡಬೇಕಾಗಿ ಬಂದರೆ ನಿಧಾನವಾಗಿ ಕಾಯಿಸಿ ನಿಧಾನವಾಗಿಯೇ ಆರಿಸಬೇಕು. ನೀರೆರಚಿದರೆ ಸೀಳುವುದು ನಿಶ್ಚಯ.

ಬುಡವು ದಿಮ್ಮಿಯ ಮಟ್ಟಕ್ಕೂ ಕೆಳಗೆ ಮುರಿದು ಬೆಸುಗೆಯೂ ಹಿಡಿಯದಿದ್ದರೆ ಬೈರಿಗೆಯೊಂದೇ ಗತಿ. ಸಿಲಿಂಡರುಗಳ ಬಾಯಿಗೆ ಬಟ್ಟೆ ತುರುಕಿ, ಕಣ್ಣಿಗೆ ಕನ್ನಡಕ ಧರಿಸಿ ಕೆಲಸಕ್ಕೆ ತೊಡಗಬೇಕು. ರಂಧ್ರವು ಸರಿಯಾಗಿ ನಡುವೆಯೇ ಬೀಳಬೇಕಾದುದರಿಂದ, ಮುಚ್ಚಳವನ್ನು ಮತ್ತೆ ಸ್ಥಾನದಲ್ಲಿಟ್ಟು ಅದರ ರಂಧ್ರದಲ್ಲಿ ಉಕ್ಕಿನ ಕೊಳವೆಯನ್ನು ಕೂರಿಸಿ ಬೈರಿಗೆಗೆ ದಾರಿ ಮಾಡಿಕೊಡುವುದು ಲೇಸು. ಮೊದಲು ೧/೮ ಅಂಗುಲದ ರಂಧ್ರವನ್ನು ಕೊರೆದು ಕ್ರಮವಾಗಿ ೫/೧೬ ಅಂಗುಲದ ವರೆಗೆ ಹಿಗ್ಗಿಸಿದರೆ, ಮೊಳೆಯಲ್ಲಿ ಸುಮಾರು ೧/೧೬ ಅಂಗುಲ ದಪ್ಪದ ಗೋಡೆ ಮಾತ್ರ ಉಳಿಯುವುದು. ಅದನ್ನು ಸಣ್ಣ ಉಳಿಯಿಂದ ಒಳಕ್ಕೆ ಮಡಿಸಿ ಚೂರುಚೂರಾಗಿ ತೆಗೆಯಬಹುದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಮುರಿದ ಮೊಳೆಯನ್ನು ಕೀಳಲೆಂದು ಮಾರುವ ಮೊನಚಾದ ತಿರುಪುಸಾಧನವು ಬಹು ಗಡಸಾದ, ಆದರೆ ಪೆಡಸಾದ ಉಕ್ಕು. ತುಕ್ಕು ಸಡಿಲವಾಗದಿರುವಾಗ ಅದನ್ನು ತಿರುಗಿಸಿದರೆ ಒಳಗೇ ಮುರಿಯುವುದು. ಆಗ ಸಾಧಾರಣ ಬೈರಿಗೆಯು ಅದರ ಮೇಲೆ ನಾಟದು. ಇಂಥ ಸಂದರ್ಭದಲ್ಲಿ ವಿದ್ಯುತ್ಕಿಡಿಯಿಂದ ಲೋಹವನ್ನು ಸವೆಯಿಸುವ ಯಂತ್ರವಿರುವ ಕಾರ್ಖಾನೆಗೆ ದಿಮ್ಮಿಯನ್ನು ಒಯ್ಯಬೇಕಾಗುವುದು. ಈ ವಿಧಾನವನ್ನು ೧೯೪೩ರಲ್ಲಿ ಸೋವಿಯೆತ್ ದೇಶದ ಲಾಜರೆಂಕೊ ದಂಪತಿಗಳು ರೂಪಿಸಿದರು. ಲೋಹವು ಎಷ್ಟೇ ಗಡಸಾಗಿದ್ದರೂ ಕಿಡಿಗೆ ಕರಗುವುದು.

ಪಟಿಕವನ್ನು ಬಿಸಿನೀರಿನಲ್ಲಿ ಕರಗಿಸಿ ಸುರಿದರೆ ಉಕ್ಕಿನ ಚೂರು ಕರಗುವುದೆಂದು ಕೆಲವರು ಹೇಳುವುದುಂಟು. ಅಲ್ಯುಮಿನಿಯಮ್ಮಿನಲ್ಲಿ ಸಿಕ್ಕಿದ ಉಕ್ಕಿನ ವಿಷಯದಲ್ಲಿ ಇದು ನಿಜ. ಕಬ್ಬಿಣದ ದಿಮ್ಮಿಗೆ ಮಾತ್ರ ಇದನ್ನು ಪ್ರಯೋಗಿಸಕೂಡದು, ದಿಮ್ಮಿಯೂ ಸವೆದುಹೋಗುವುದು.

ಮೊಳೆ ಹೊರಬಂದ ಮೇಲೆ ರಂಧ್ರದ ಸುತ್ತುಗಳನ್ನು ಶುದ್ಧಿಮಾಡಿ, ಹೊಸ ಮೊಳೆಯನ್ನು ನೀರು ಸೋರದಂತೆ ತಡೆಯುವ ಲೇಪನದೊಡನೆ ಕೂರಿಸಬೇಕು. ನಟ್ಟುಗಳನ್ನು ನಡುವಿನಿಂದ ಅಂಚಿನ ಕಡೆಗೆ, ಎರಡು ಮೂರು ಸಲವಾಗಿ ಸ್ವಲ್ಪಸ್ವಲ್ಪವೇ ಬಿಗಿಯತಕ್ಕದ್ದು. ತುಕ್ಕು ತಡೆಯುವ ದ್ರವವನ್ನು ತಂಪಿನ ನೀರಿಗೆ ಬೆರಸಿ, ಅದನ್ನು ಕಾಲಕಾಲಕ್ಕೆ ಬದಲಾಯಿಸುತ್ತಿದ್ದರೆ ಮುಂದೆ ಈ ಶ್ರಮವು ಬಹುಮಟ್ಟಿಗೆ ತಪ್ಪುವುದು.