ಊರಿಗೆ ಕೆಲಸ, ಕೆಲಸಕ್ಕೆ ಜನ

ಹಾಸನ ಜಿಲ್ಲೆಯ ಅರಸೀಕೆರೆ ಸೀಮೆಯಲ್ಲಿ ತೆಂಗಿನ ತೋಟ ಇಟ್ಟುಕೊಂಡವರನ್ನು ಮಾತಾಡಿಸಿದರೆ ದೂರು ಒಂದೇ: ಮರ ಹತ್ತುವವರು ಸಿಗುತ್ತಿಲ್ಲ. ಕೀಳಿಸಲು ಆಳಿಲ್ಲದೆ, ಕಾಯಿ ತಾನಾಗಿ ಉದುರಲಿ ಎಂದು ಕಾಯುವವರಿದ್ದಾರೆ. ಅದೇ ಊರುಗಳಲ್ಲಿ ಪದವಿ ಮುಗಿಸಿದ ಹುಡುಗ ಹುಡುಗಿಯರು ಕೆಲಸ ಹುಡುಕಿಕೊಂಡು ಅರಸೀಕೆರೆ ಜಂಕ್ಷನ್‌ನಲ್ಲಿ ಬೆಂಗಳೂರಿನ ರೈಲು ಹತ್ತುತ್ತಾರೆ. ಇತ್ತ ಅದೇ ಜಿಲ್ಲೆಯ ಬೇಲೂರು, ಹಳೇಬೀಡುಗಳಿಗೆ ದೇಶವಿದೇಶಗಳ ಪ್ರವಾಸಿಗರು ಬರುತ್ತಾರೆ. ಅವರ ಖರ್ಚಿನಲ್ಲಿ ಊರಿನ ಮನೆಗಳಿಗೆ ಎಷ್ಟು ಸೇರುತ್ತದೆ ಎಂಬುದು, ಆ ಊರಿನ ಮಕ್ಕಳು ಏನು ಕಲಿತಿದ್ದಾರೆ ಎಂಬುದರ ಮೇಲೆ ನಿಂತಿದೆ.

ಕೆಲಸವೂ ಇದೆ, ಜನರೂ ಇದ್ದಾರೆ. ಎರಡನ್ನೂ ಕೂಡಿಸುವವರು ಯಾರು?

ಈ ಕೂಡಿಸುವ ಕೆಲಸವನ್ನೇ ವೃತ್ತಿಯಾಗಿ ಹಿಡಿಯಲು ಯುವಜನರಿಗೆ ದಾರಿ ತೋರಿಸಿದ್ದು ಮಹಾತ್ಮ ಗಾಂಧಿ ರಾಷ್ಟ್ರೀಯ ಫೆಲೋಶಿಪ್. ಕೇಂದ್ರದ ಕೌಶಲ್ಯಾಭಿವೃದ್ಧಿ ಮತ್ತು ಉದ್ಯಮಶೀಲತಾ ಸಚಿವಾಲಯವು ವಿಶ್ವಬ್ಯಾಂಕ್ ನೆರವಿನ ‘ಸಂಕಲ್ಪ್’ ಯೋಜನೆಯಡಿ ಇದನ್ನು ರೂಪಿಸಿತು. ಓದಿಸುವ ಹೊಣೆ ಮೊದಲು ಬೆಂಗಳೂರಿನ ಐಐಎಂನದಾಗಿತ್ತು. 2020ರ ಮಾರ್ಚ್‌ನಲ್ಲಿ ಆರು ರಾಜ್ಯಗಳ ಆಯ್ದ ಜಿಲ್ಲೆಗಳಲ್ಲಿ ಪ್ರಯೋಗವಾಗಿ ಆರಂಭವಾದಾಗ ಕರ್ನಾಟಕವೂ ಆ ಆರರಲ್ಲಿ ಒಂದಾಗಿತ್ತು. 2021ರ ಅಕ್ಟೋಬರ್‌ನಲ್ಲಿ ಎರಡನೇ ಹಂತ ಶುರುವಾದಾಗ ಬೆಂಗಳೂರಿನದೂ ಸೇರಿ ಒಂಬತ್ತು ಐಐಎಂಗಳು ಪಾಲ್ಗೊಂಡವು, ದೇಶದ ಎಲ್ಲ ಜಿಲ್ಲೆಗಳಿಗೂ ತಲುಪುವಂತೆ 661 ಫೆಲೋಗಳ ಲೆಕ್ಕ ಹಾಕಲಾಯಿತು.

21ರಿಂದ 30 ವರ್ಷದೊಳಗಿನ, ಯಾವುದೇ ಪದವಿ ಪಡೆದ ಭಾರತೀಯರು ಅರ್ಜಿ ಹಾಕಬಹುದಿತ್ತು. ಅವಧಿ ಎರಡು ವರ್ಷ. ಮೊದಲ ವರ್ಷ ತಿಂಗಳಿಗೆ 50,000 ರೂಪಾಯಿ, ಎರಡನೆಯ ವರ್ಷ 60,000 ರೂಪಾಯಿ. ಕೆಲವು ವಾರ ಐಐಎಂ ತರಗತಿ, ಉಳಿದ ಕಾಲವೆಲ್ಲ ಜಿಲ್ಲೆಯಲ್ಲಿ. ಕೊನೆಗೆ ಸಾರ್ವಜನಿಕ ನೀತಿ ಮತ್ತು ನಿರ್ವಹಣೆಯಲ್ಲಿ ಐಐಎಂ ಪ್ರಮಾಣಪತ್ರ. ಇದರಲ್ಲಿ ಕನ್ನಡದ ಹುಡುಗರು ಗಮನಿಸಬೇಕಾದ ನಿಯಮವೊಂದಿತ್ತು. ಯಾವ ರಾಜ್ಯದಲ್ಲಿ ಕೆಲಸ ಮಾಡುತ್ತಾರೋ ಆ ರಾಜ್ಯದ ಆಡಳಿತ ಭಾಷೆ ಚೆನ್ನಾಗಿ ಬರಲೇಬೇಕಿತ್ತು. ಕರ್ನಾಟಕದ ಜಿಲ್ಲೆಗೆ ಕನ್ನಡ ಬಲ್ಲವರೇ ಬೇಕಿತ್ತು.

ಫೆಲೋ ಮಾಡಬೇಕಿದ್ದ ಕೆಲಸ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಿಲ್ಲಾ ಕೌಶಲ್ಯ ಸಮಿತಿಯ ಜೊತೆಗೆ. ಜಿಲ್ಲೆಯಲ್ಲಿ ಎಷ್ಟು ಐಟಿಐಗಳಿವೆ, ಅಲ್ಲಿ ಕಲಿಸುವ ಟ್ರೇಡಿಗೂ ಸುತ್ತಲಿನ ಕಾರ್ಖಾನೆ, ತೋಟ, ಹೋಟೆಲುಗಳಿಗೆ ಬೇಕಾದ ಕೆಲಸಕ್ಕೂ ತಾಳೆ ಇದೆಯೇ, ಕಲಿತವರು ಎಲ್ಲಿಗೆ ಹೋದರು, ಹೆಣ್ಣುಮಕ್ಕಳು ಅರ್ಧಕ್ಕೇ ಬಿಟ್ಟದ್ದು ಯಾಕೆ ಎಂದು ವಿಚಾರಿಸಿ, ಜಿಲ್ಲಾ ಕೌಶಲ್ಯಾಭಿವೃದ್ಧಿ ಯೋಜನೆಯನ್ನು ಬರೆಯುವುದು. ಕಾಗದದ ಮೇಲೆ ಇದು ವರದಿಯಂತೆ ಕಂಡರೂ, ಬರೆಯುವವರು ಬಸ್ಸು ಹತ್ತಿ ಹೋಬಳಿ ಸುತ್ತದೆ ಆಗುವ ಕೆಲಸವಲ್ಲ.

ಮೂರು ಊರು, ಮೂರು ಬಗೆಯ ಪಾಠ

ಹಾಸನ ಜಿಲ್ಲೆಯಲ್ಲಿ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಅರಸೀಕೆರೆ ಬಯಲುಸೀಮೆಯ ತಾಲೂಕು, ಮಳೆ ಕಡಿಮೆ, ತೆಂಗೇ ಆಧಾರ. ಇಲ್ಲಿಯೂ ನೆರೆಯ ತಿಪಟೂರಿನಲ್ಲೂ ಹೆಸರಾದದ್ದು ಉಂಡೆ ಕೊಬ್ಬರಿ. ಬಲಿತ ಕಾಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಲು ಬಿಟ್ಟು, ಆಮೇಲೆ ಸುಲಿದು, ಚಿಪ್ಪು ಒಡೆದು ಕೊಬ್ಬರಿ ಮುಕ್ಕಾಗದಂತೆ ಬಿಡಿಸಬೇಕು. ಹತ್ತುವುದು, ಸುಲಿಯುವುದು, ಬಿಡಿಸುವುದು, ನಾರು ತೆಗೆಯುವುದು ಒಂದೊಂದೂ ಕಸುಬೇ. ಕಸುಬುದಾರರು ಕಡಿಮೆಯಾಗುತ್ತಿರುವುದನ್ನು ಕಂಡೇ ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ‘ತೆಂಗಿನ ಮರದ ಸ್ನೇಹಿತರು’ ತರಬೇತಿ ಆರಂಭಿಸಿತು. ಆರು ದಿನ ಮರ ಹತ್ತುವ ಯಂತ್ರ ಬಳಸುವುದನ್ನೂ ಮರದ ಆರೈಕೆಯನ್ನೂ ಕಲಿಸಿ, ಯಂತ್ರವನ್ನೂ ಕೊಟ್ಟು ಕಳಿಸುವ ಯೋಜನೆ ಅದು. ಇಂಥ ತರಬೇತಿ ಎಲ್ಲಿದೆ, ಯಾವ ಹಳ್ಳಿಯ ಯಾರಿಗೆ ಬೇಕು ಎಂದು ಗುರುತಿಸಿ ತಲುಪಿಸುವವರಿಲ್ಲದಿದ್ದರೆ ಅದು ಸುತ್ತೋಲೆಯಲ್ಲೇ ಉಳಿಯುತ್ತದೆ.

ಬೇಲೂರು ತಾಲೂಕಿನ ಸಮಸ್ಯೆಯೇ ಬೇರೆ. ಮಲೆನಾಡಿನ ಅಂಚಿನಲ್ಲಿ ಕಾಫಿ, ಮೆಣಸು. ಅದೇ ತಾಲೂಕಿನ ಹಳೇಬೀಡು ಹೋಬಳಿಯ ಕಡೆ ಬಯಲು. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಚೆನ್ನಕೇಶವ ದೇವಾಲಯ, ಹಳೇಬೀಡಿನ ಹೊಯ್ಸಳೇಶ್ವರ, ಸೋಮನಾಥಪುರದ ಕೇಶವ ದೇವಾಲಯ ಈ ಮೂರೂ 2023ರ ಸೆಪ್ಟೆಂಬರ್ 18ರಂದು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹೆಸರು ಬಂದ ಮೇಲೆ ಬೇಕಾದವರು ಯಾರು? ಶಾಸನ ಮತ್ತು ಶಿಲ್ಪವನ್ನು ತಪ್ಪಿಲ್ಲದೆ ವಿವರಿಸಬಲ್ಲ ಗೈಡುಗಳು, ಹೋಂಸ್ಟೇ ನಡೆಸಬಲ್ಲ ಮನೆಯವರು, ಕಲ್ಲಿನ ಸಂರಕ್ಷಣೆ ಬಲ್ಲ ಕೈಗಳು.

ಕಲ್ಲಿನ ಕಸುಬಿಗೆ ಇಲ್ಲಿ ದೊಡ್ಡ ಹಿನ್ನೆಲೆಯಿದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಬೇಲೂರಿನ ಮದನಿಕೆಯರ ಕೆಳಗೆ ತಮ್ಮ ಹೆಸರು ಕೊರೆದಿಟ್ಟಿದ್ದಾರೆ. ಕುಶಲಕರ್ಮಿಯ ಹೆಸರನ್ನು ಉಳಿಸುವಷ್ಟು ಗೌರವ ಆ ಕಾಲ ಕೊಟ್ಟಿತ್ತು. ಇಂದು ಬಳಪದ ಕಲ್ಲು ಕೆತ್ತುವವನ ಕೈಯಲ್ಲಿ ಕಸುಬಿದೆ, ಆದರೆ ಬ್ಯಾಂಕಿನ ಮುಂದೆ ಇಡಲು ಕಾಗದವಿಲ್ಲ. ಯುನೆಸ್ಕೋ ಘೋಷಣೆಗೆ ಒಂದು ದಿನ ಮುಂಚೆ, 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ ಈ ಕೊರತೆಯನ್ನೇ ಗುರಿಯಾಗಿಸಿಕೊಂಡಿದೆ. 18 ಕಸುಬುಗಳಲ್ಲಿ ಶಿಲ್ಪಿಯದೂ ಒಂದು. ಗುರುತಿನ ಚೀಟಿ, ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿ, ಶೇಕಡಾ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ರೂಪಾಯಿವರೆಗೆ ಸಾಲ. ಅರ್ಹರ ಮನೆಬಾಗಿಲಿಗೆ ಈ ಮಾಹಿತಿ ತಲುಪಿಸುವುದು ಜಿಲ್ಲೆಯಲ್ಲಿ ಓಡಾಡುವವರ ಕೆಲಸ.

ವಿದ್ಯಾರ್ಥಿವೇತನದ ಹಳೆಯ ಋಣ

ಈ ಫೆಲೋಗಳಂತೆ ಸಾರ್ವಜನಿಕ ಹಣದಲ್ಲಿ ಓದಿದವರು ದುಡಿಯುವ ಜನರ ಬದುಕು ಬದಲಿಸಿದ್ದು ಹೊಸದಲ್ಲ. ಬರೋಡಾದ ಸಯಾಜಿರಾವ್ ಗಾಯಕವಾಡರು 1913ರಲ್ಲಿ ಕೊಟ್ಟ ವಿದ್ಯಾರ್ಥಿವೇತನದಿಂದ ಡಾ. ಬಿ.ಆರ್. ಅಂಬೇಡ್ಕರ್ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. 1942ರಿಂದ 1946ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ ದಿನಕ್ಕೆ ಎಂಟು ಗಂಟೆಯ ದುಡಿಮೆಗಾಗಿ ನಿಂತರು. ಅವರ ಅವಧಿಯಲ್ಲೇ, 1945ರಲ್ಲಿ, ಪುನರ್ವಸತಿ ಮತ್ತು ಉದ್ಯೋಗ ಮಹಾನಿರ್ದೇಶನಾಲಯ ಸ್ಥಾಪನೆಯಾಯಿತು. ಉದ್ಯೋಗ ವಿನಿಮಯ ಕೇಂದ್ರಗಳ ಬೇರು ಅಲ್ಲಿದೆ. ಐಟಿಐಗಳ ಮೂಲವಾದ ಕುಶಲಕರ್ಮಿ ತರಬೇತಿ ಯೋಜನೆ 1950ರಲ್ಲಿ ಬಂತು.

ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಓದಿದವರು ಎಂ. ವಿಶ್ವೇಶ್ವರಯ್ಯ. ಅವರು ದಿವಾನರಾಗಿದ್ದಾಗ 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಶುರುವಾಯಿತು. ಪದವಿಯ ಓದಿಗೆ ಹೋಗಲಾರದ ಹುಡುಗರು ಕೈಕಸುಬು ಕಲಿಯಲೆಂದು 1943ರಲ್ಲಿ ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರ ಔದ್ಯೋಗಿಕ ಸಂಸ್ಥೆ ಹುಟ್ಟಿದ್ದರ ಹಿಂದೆಯೂ ಅವರಿದ್ದರು. ಇಬ್ಬರೂ ತಮಗೆ ಬಂದ ನೆರವನ್ನು ಸಂಸ್ಥೆಗಳ ರೂಪದಲ್ಲಿ ಹಿಂದಿರುಗಿಸಿದರು.

ಎರಡು ವರ್ಷದ ಆಚೆಗೆ

ಮಹಾತ್ಮ ಗಾಂಧಿ ರಾಷ್ಟ್ರೀಯ ಫೆಲೋಶಿಪ್‌ನ ಎರಡನೇ ತಂಡದ ಅವಧಿ 2023ರಲ್ಲಿ ಮುಗಿಯಿತು. ಇಂಥ ಅನುಭವ ಪಡೆದವರು ಹೋಗಬಹುದಾದ ಕಡೆಗಳು ಕರ್ನಾಟಕದಲ್ಲೇ ಹಲವಿವೆ: ರಾಜ್ಯದ ಕೌಶಲ್ಯಾಭಿವೃದ್ಧಿ, ಉದ್ಯಮಶೀಲತೆ ಮತ್ತು ಜೀವನೋಪಾಯ ಇಲಾಖೆ, 2017ರಲ್ಲಿ ಬಂದ ಮುಖ್ಯಮಂತ್ರಿಗಳ ಕೌಶಲ್ಯ ಕರ್ನಾಟಕ ಯೋಜನೆ, ಗ್ರಾಮೀಣ ಸ್ವಯಂ ಉದ್ಯೋಗ ತರಬೇತಿ ಸಂಸ್ಥೆಗಳು (ಆರ್‌ಸೆಟಿ). ಈ ಕೊನೆಯದು ಕನ್ನಡ ನಾಡೇ ದೇಶಕ್ಕೆ ಕೊಟ್ಟ ಮಾದರಿ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕ್‌ಗಳ ಜೊತೆಗೂಡಿ ಹುಟ್ಟಿದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲೇ, ಊಟ ವಸತಿಯೊಂದಿಗೆ ಉಚಿತವಾಗಿ ಕಲಿಸುವ ಆರ್‌ಸೆಟಿಗಳು ದೇಶದಾದ್ಯಂತ ಬಂದವು.

ಆದರೂ ಒಂದು ಕೊರತೆ ಕಣ್ಣಿಗೆ ಹೊಡೆಯುತ್ತದೆ. ಹಾಸನ ಜಿಲ್ಲೆಯಲ್ಲಿ ಎಂಟು ತಾಲೂಕುಗಳು, 2011ರ ಜನಗಣತಿಯಂತೆ 17 ಲಕ್ಷಕ್ಕೂ ಮೀರಿದ ಜನ. ಅರಸೀಕೆರೆಯ ಕೊಬ್ಬರಿ, ಬೇಲೂರಿನ ಕಾಫಿ, ಹಳೇಬೀಡಿನ ಕಲ್ಲು ಇವಿಷ್ಟನ್ನೂ ಒಬ್ಬ ಫೆಲೋ ಎರಡೇ ವರ್ಷದಲ್ಲಿ ಅರಿತು ಯೋಜನೆ ಬರೆದು, ಅದನ್ನು ನಡೆಸಿಯೂ ತೋರಿಸಬೇಕೆಂದರೆ ಆಗದ ಮಾತು. ಊರಿನವರ ವಿಶ್ವಾಸ ಸಿಗುವ ಹೊತ್ತಿಗೆ ಅವಧಿ ಮುಗಿಯುತ್ತದೆ. ಹಿಂದುಳಿದ ತಾಲೂಕುಗಳಿಗೆಂದೇ ರಾಜ್ಯದ ಗ್ರಾಮೀಣಾಭಿವೃದ್ಧಿ ಇಲಾಖೆ ರಾಜೀವ್ ಗಾಂಧಿ ಪಂಚಾಯತ್ ರಾಜ್ ಫೆಲೋಶಿಪ್ ರೂಪಿಸಿದೆ. ಕೌಶಲ್ಯ ಇಲಾಖೆಯೂ ಹಾಗೆಯೇ ತಾಲೂಕಿಗೊಬ್ಬರನ್ನು ಆರಿಸಿ, ಚೆನ್ನಾಗಿ ಕೆಲಸ ಮಾಡಿದವರನ್ನು ಜಿಲ್ಲೆಯಲ್ಲೇ ಉಳಿಸಿಕೊಳ್ಳುವ ಹುದ್ದೆಗಳನ್ನು ಸೃಷ್ಟಿಸಬೇಕು. ಹಾಸನದಿಂದಲೇ ಇದನ್ನು ಆರಂಭಿಸುವುದಾದರೆ ಬೇಕಾಗುವುದು ಎಂಟು ಮಂದಿ.