ವೇದಾವತಿ ಹಗರಿಯಾಗುವಲ್ಲಿ

ಬಾಬಾಬುಡನ್‌ಗಿರಿ ಸಾಲಿನ ಪೂರ್ವದ ಇಳಿಜಾರಿನಲ್ಲಿ ಹುಟ್ಟುವ ವೇದಾ ಮತ್ತು ಅವತಿ ಎಂಬ ಎರಡು ಹೊಳೆಗಳು ಕಡೂರಿನ ಸೀಮೆಯಲ್ಲಿ ಕೂಡಿ ವೇದಾವತಿಯಾಗುತ್ತವೆ. ಸಖರಾಯಪಟ್ಟಣದ ಅಯ್ಯನಕೆರೆಗೆ ನೀರುಣಿಸುವುದು ವೇದಾ, ಮದಗದ ಕೆರೆಗೆ ಅವತಿ. ಕೂಡಿದ ಹೊಳೆ ಹೊಸದುರ್ಗದ ಕಡೆಯಿಂದ ಬಂದು ಮಾರಿಕಣಿವೆಯಲ್ಲಿ ವಾಣಿವಿಲಾಸ ಸಾಗರವಾಗಿ ನಿಲ್ಲುತ್ತದೆ. ಹಿರಿಯೂರು ದಾಟಿದ ಮೇಲೆ ಅದರ ಹೆಸರೇ ಬೇರೆ. ಬಳ್ಳಾರಿ ಬಯಲಿನವರಿಗೆ ಅದು ಹಗರಿ. ತುಂಗಭದ್ರೆಯನ್ನು ಸೇರುವುದೂ ಹಗರಿಯಾಗಿಯೇ.

ಈ ಎರಡನೆಯ ಹೆಸರಿಗೆ ವಾಡಿಕೆಯಲ್ಲಿರುವ ವಿವರಣೆ ‘ಅಘಹರಿ’, ಎಂದರೆ ಪಾಪವನ್ನು ಕಳೆಯುವವಳು. ಅದು ಜನರ ಬಾಯಲ್ಲಿ ಸವೆದು ಹಗರಿಯಾಯಿತಂತೆ. ಘಕಾರದ ಮಹಾಪ್ರಾಣ ಕಳೆದುಹೋಗಿ, ಹಕಾರ ಪದದ ಮೊದಲಿಗೆ ಜಿಗಿಯುವುದು ಉಚ್ಚಾರಣೆಯ ದೃಷ್ಟಿಯಿಂದ ಅಸಾಧ್ಯವೇನಲ್ಲ. ಆದರೂ ಈ ವಿವರಣೆಯನ್ನು ನಾನು ಒಪ್ಪಲಾರೆ. ಹಗರಿ ಎಂಬ ಹೆಸರು ಈ ಒಂದೇ ನದಿಯದಲ್ಲ. ಕೂಡ್ಲಿಗಿ ಸೀಮೆಯಲ್ಲಿ ಹರಿದು, ಮಾಲವಿ ಜಲಾಶಯವನ್ನು ತುಂಬಿಸಿ, ವೇದಾವತಿಯ ಸಂಬಂಧವೇ ಇಲ್ಲದೆ ನೇರವಾಗಿ ತುಂಗಭದ್ರೆಗೆ ಸೇರುವ ಹೊಳೆಗೂ ಚಿಕ್ಕ ಹಗರಿ ಎನ್ನುತ್ತಾರೆ. ದೊಡ್ಡದನ್ನು ನೋಡಿ ಚಿಕ್ಕದಕ್ಕೆ ಹೆಸರಿಟ್ಟಿರಬಹುದಲ್ಲ ಎಂದು ಕೇಳಬಹುದು. ಹಾಗಾದರೆ ಆ ದಡದ ಊರು ಹಗರಿಬೊಮ್ಮನಹಳ್ಳಿಯ ಹೆಸರನ್ನು ನೋಡಿ: ಅಲ್ಲಿ ‘ಚಿಕ್ಕ’ ಇಲ್ಲ. ಅಲ್ಲಿಯವರಿಗೆ ತಮ್ಮ ಹೊಳೆಯೂ ಬರೀ ಹಗರಿ. ಒಂದೇ ಬಯಲಿನ ಎರಡು ಹೊಳೆಗಳಿಗೆ ಸಲ್ಲುವ ಮಾತು ಒಂದು ತೀರ್ಥದ ಬಿರುದಾಗಿರುವುದಕ್ಕಿಂತ ಆ ನೆಲದವರ ಬಳಕೆಯ ಮಾತೇ ಆಗಿರುವ ಸಾಧ್ಯತೆ ಹೆಚ್ಚು. ಸಂಸ್ಕೃತದ ಅರ್ಥ ಆಮೇಲೆ ಹೊದಿಸಿದ್ದು. ಅದೇ ಅರ್ಥದ ಅಘನಾಶಿನಿ ಉತ್ತರ ಕನ್ನಡದಲ್ಲಿ ಇಂದಿಗೂ ಸವೆಯದೆ ಉಳಿದಿದೆ ಎಂಬುದನ್ನೂ ಮರೆಯಬಾರದು.

ಒಂದೇ ನದಿಗೆ ಎರಡು ಹೆಸರು ಬಂದದ್ದು ಅಣೆಕಟ್ಟಿನಿಂದ ಎನ್ನುವವರಿದ್ದಾರೆ. ಮಾರಿಕಣಿವೆಯ ಕಟ್ಟೆ ಎದ್ದದ್ದು 1898ರಿಂದ 1907ರ ನಡುವೆ. ಹಗರಿ ಅದಕ್ಕಿಂತ ಹಳೆಯ ಹೆಸರು. ಆದರೆ ಆ ಮಾತಿನಲ್ಲಿ ಒಂದು ಸತ್ಯವಿದೆ. ಹೆಸರು ಕೆಳಗೆ ಬರಬೇಕಾದರೆ ನೀರೂ ಬರಬೇಕು. ಮೇಲಿನ ಕೆರೆಗಳು ಮೊದಲೇ ನೀರು ತಡೆಯುತ್ತಿದ್ದವು. 1933ರಲ್ಲಿ ಕೋಡಿ ಬಿದ್ದ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ಬಳಿಕ, 2022ರಲ್ಲಿ. ಅಷ್ಟೂ ಕಾಲ ಕೆಳಗಿನ ಮರಳುಹಾಸಿನಲ್ಲಿ ಹರಿದದ್ದು ಬಹುಪಾಲು ಸುವರ್ಣಮುಖಿಯಂಥ ಉಪನದಿಗಳ ಮತ್ತು ಬಯಲುಹಳ್ಳಗಳ ಮಳೆನೀರು. ಎರಡು ಹೆಸರು ಎರಡು ನೀರಿನ ಲೆಕ್ಕವನ್ನೂ ಹೇಳುತ್ತವೆ.

ಸರ್ಕಾರದ ಕಡತಕ್ಕೆ ಒಂದೇ ಹೆಸರು ಸಾಕು, ನಿಜ. ಕೃಷ್ಣಾ ಕಣಿವೆಯ ಲೆಕ್ಕಪತ್ರಗಳಲ್ಲಿ ಇಡೀ ಉಪಕಣಿವೆ ವೇದಾವತಿಯೆಂದೇ ದಾಖಲಾಗಿದೆ. ಅಲ್ಲಿ ಅದು ಹಾಗೆಯೇ ಇರಲಿ. ಆದರೆ ಹಿರಿಯೂರಿನಿಂದ ಕೆಳಗಿನ ಸೇತುವೆಗಳ ಫಲಕದಲ್ಲಿ, ಶಾಲೆಯ ನಕ್ಷೆಯಲ್ಲಿ ಹಗರಿ ಎಂದೂ ಬರೆಯಿರಿ. ಕಂಸದೊಳಗೆ ಬೇಡ, ಸಮನಾದ ಅಕ್ಷರದಲ್ಲಿ.